ಹುಡುಕಿದವರಿಗೆ ಸಿಗುವಂತೆ ಇಡುವ ಕಸುಬು

1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬೆಂಗಳೂರಿನಲ್ಲಿ ಒಂದು ಕೇಂದ್ರ ತೆರೆಯಿತು. ಕಲ್ಕತ್ತದಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಕಟ್ಟಿದ ಸಂಸ್ಥೆ ಅದು. ಆದರೆ ಈ ಕೇಂದ್ರ ಶುರುವಾದದ್ದು ಅಂಕಿಅಂಶದ ಪಾಠ ಹೇಳುವುದಕ್ಕಲ್ಲ. ಅದರ ಹೆಸರು ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್. ಎಲ್ಲರ ಬಾಯಲ್ಲಿ ಡಿಆರ್‌ಟಿಸಿ. ಜಗತ್ತಿನಲ್ಲಿ ಲೇಖನಗಳು ರಾಶಿ ರಾಶಿಯಾಗಿ ಅಚ್ಚಾಗುತ್ತಿವೆ, ಸಂಶೋಧಕನಿಗೆ ತನಗೆ ಬೇಕಾದ ಒಂದು ಲೇಖನ ಬೇಕಾದ ಹೊತ್ತಿಗೆ ಕೈಗೆ ಸಿಗುತ್ತಿಲ್ಲ, ಅದನ್ನು ಸಿಗಿಸುವುದು ಹೇಗೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಆ ಕೇಂದ್ರವನ್ನು ಮಲ್ಲೇಶ್ವರದಲ್ಲಿ ಕೂತು ನಡೆಸಿದವರು ಎಸ್. ಆರ್. ರಂಗನಾಥನ್. ಆಗ ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದರು.

ನಾನು ಓದಿದ್ದು ಆ ಕೇಂದ್ರದಲ್ಲೇ, ಆದರೆ ಬಹಳ ತಡವಾಗಿ. ಆ ಹೊತ್ತಿಗೆ ರಂಗನಾಥನ್ ತೀರಿಕೊಂಡು ಎರಡು ದಶಕವಾಗಿತ್ತು; ಕೇಂದ್ರ ಮಲ್ಲೇಶ್ವರ ಬಿಟ್ಟು ಮೈಸೂರು ರಸ್ತೆಯ ಎಂಟನೇ ಮೈಲಿಗೆ ಹೋಗಿತ್ತು. ಈಗ ನಾನಿರುವುದು ಊರಿನ ಈ ತುದಿಯಲ್ಲಿ, ಕಲ್ಯಾಣ ನಗರದಲ್ಲಿ. ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವ ಪ್ರೋಗ್ರಾಮಿಂಗ್ ಲೈಬ್ರರಿಗಳಿಗೆ ಡಾಕ್ಯುಮೆಂಟೇಶನ್ ಬರೆಯುವುದು, ಬರೆದದ್ದನ್ನು ಜೋಡಿಸುವುದು ನನ್ನ ಕೆಲಸ. ನಮ್ಮ ರಸ್ತೆಯಲ್ಲಿ ಮನೆಗೊಬ್ಬರಾದರೂ ಮಾನ್ಯತಾ ಟೆಕ್ ಪಾರ್ಕಿಗೋ ರಿಂಗ್ ರೋಡಿನ ಇನ್ಯಾವುದೋ ಕಂಪನಿಗೋ ಹೋಗುವವರು. ಕೋಡ್ ಬರೆಯುತ್ತೇನೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಡಾಕ್ಯುಮೆಂಟೇಶನ್ ಅಂದರೆ ‘ಟೈಪಿಂಗ್ ಕೆಲಸವಾ ಮೇಡಂ?’ ಎಂದು ಪಕ್ಕದ ಮನೆಯವರು ಬಹಳ ಮರ್ಯಾದೆಯಿಂದಲೇ ಕೇಳಿದ್ದರು. ಅವರದೇನೂ ತಪ್ಪಿಲ್ಲ. ಈ ಕಸುಬಿಗೂ ಒಂದು ಇತಿಹಾಸವಿದೆ, ಅದರಲ್ಲಿ ಒಂದು ಮುಖ್ಯ ಅಧ್ಯಾಯ ಇದೇ ಊರಿನಲ್ಲಿ ನಡೆಯಿತು ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ನಾವು.

ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ತಂಜಾವೂರು ಸೀಮೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದವರು. 1917ರಲ್ಲಿ ಮೊದಲು ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆ ವಿದ್ಯೆ ಕಲಿಯಲು ಲಂಡನ್ನಿಗೆ ಹೋದಾಗ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ಕಂಡರು. ಕೆಲವೇ ಬಗೆಯ ಪಟ್ಟಿ, ಗಾಲಿ, ತಿರುಪು. ಅವನ್ನೇ ಬೇರೆ ಬೇರೆಯಾಗಿ ಕೂಡಿಸಿದರೆ ಬೇರೆ ಬೇರೆ ಗೊಂಬೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿ ಭಾಗಗಳಾಗಿ ಒಡೆದು, ಬೇಕಾದಾಗ ಕೂಡಿಸಬಹುದಲ್ಲ ಎಂಬ ಯೋಚನೆ ಅವರಿಗೆ ಅಲ್ಲಿ ಬಂತು. ಅದರಿಂದ 1933ರಲ್ಲಿ ಬಂದದ್ದು ಕೋಲನ್ ವರ್ಗೀಕರಣ. ಅದಕ್ಕೆ ಎರಡು ವರ್ಷ ಮೊದಲು ಗ್ರಂಥಾಲಯ ಶಾಸ್ತ್ರದ ಅವರ ಪಂಚಸೂತ್ರಗಳು ಪುಸ್ತಕವಾಗಿದ್ದವು. ಆ ಐದರಲ್ಲಿ ನನ್ನ ಕೆಲಸಕ್ಕೆ ದಿನವೂ ಬೇಕಾಗುವುದು ನಾಲ್ಕನೆಯದು: ಓದುವವರ ಹೊತ್ತನ್ನು ಉಳಿಸಬೇಕೆಂಬುದು.

ಕೋಲನ್ ವರ್ಗೀಕರಣ ಕಲಿತ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರುವ ಒಂದು ಉದಾಹರಣೆ ಇದೆ. 1950ರ ದಶಕದಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆ ಕುರಿತ ಸಂಶೋಧನೆ. ವೈದ್ಯಕ್ಕೆ ‘ಎಲ್’, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಚಿಕಿತ್ಸೆಗೆ 6, ಎಕ್ಸ್-ರೇಗೆ 253, ಸಂಶೋಧನೆಗೆ ‘ಎಫ್’, ಭಾರತಕ್ಕೆ 44, ಕಾಲಕ್ಕೆ ‘ಎನ್5’. ನಡುವೆ ಅಲ್ಪವಿರಾಮ, ಅರ್ಧವಿರಾಮ, ಕೋಲನ್, ಚುಕ್ಕೆ, ಅಪಾಸ್ಟ್ರಫಿ. ಯಾವ ಚಿಹ್ನೆ ಬಂತು ಎನ್ನುವುದರಿಂದಲೇ ಮುಂದಿನ ಅಂಕಿ ವಸ್ತುವೋ ಕ್ರಿಯೆಯೋ ಸ್ಥಳವೋ ಕಾಲವೋ ಎಂದು ಗೊತ್ತಾಗುತ್ತದೆ. ಈ ಪದ್ಧತಿ ಇಂದು ಕಡಿಮೆ ಗ್ರಂಥಾಲಯಗಳಲ್ಲಿ ಉಳಿದಿದೆ, ನಿಜ. ಆದರೆ ಅದು ಕಲಿಸಿದ ಶಿಸ್ತು ದೊಡ್ಡದು. ಒಂದು ವಿಷಯಕ್ಕೆ ಒಂದೇ ಮುಖ ಇರುವುದಿಲ್ಲ. ಕ್ಷಯದ ಡಾಕ್ಟರು ಒಂದು ದಾರಿಯಿಂದ ಬರುತ್ತಾರೆ, ಎಕ್ಸ್-ರೇಯವರು ಇನ್ನೊಂದು ದಾರಿಯಿಂದ, ಭಾರತದ ಇತಿಹಾಸ ಬರೆಯುವವರು ಮತ್ತೊಂದರಿಂದ. ಮೂವರಿಗೂ ಅದೇ ಲೇಖನ ಸಿಗಬೇಕು. ಕಪಾಟಿನಲ್ಲಿ ಪುಸ್ತಕಕ್ಕೆ ಜಾಗ ಒಂದೇ, ಆದರೆ ಅದನ್ನು ತಲುಪುವ ದಾರಿಗಳು ಹಲವು ಇರಬೇಕು.

ಈಗ ಲೆಕ್ಕದ ಲೈಬ್ರರಿಗಳ ಕಡೆಗೆ ಬರೋಣ. ಸರಾಸರಿ ತೆಗೆಯಲು, ರಿಗ್ರೆಷನ್ ಮಾಡಲು, ನಕ್ಷೆ ಎಳೆಯಲು ಪ್ರತಿಯೊಬ್ಬರೂ ಮೊದಲಿನಿಂದ ಕೋಡ್ ಬರೆಯುವುದು ಬೇಡವೆಂದು ಯಾರೋ ಒಮ್ಮೆ ಬರೆದು, ಪರೀಕ್ಷಿಸಿ, ಎಲ್ಲರಿಗೂ ಕೊಟ್ಟ ಫಂಕ್ಷನ್‌ಗಳ ಕೂಟಕ್ಕೆ ಲೈಬ್ರರಿ ಎನ್ನುತ್ತಾರೆ. ಇದು ಹೊಸದಲ್ಲ. 1960ರ ದಶಕದಲ್ಲೇ ಐಬಿಎಂ ತನ್ನ 360 ಕಂಪ್ಯೂಟರಿಗೆ ಸೈಂಟಿಫಿಕ್ ಸಬ್‌ರೂಟೀನ್ ಪ್ಯಾಕೇಜ್ ಎಂಬ ಫೋರ್ಟ್ರಾನ್ ಸಂಗ್ರಹ ಕೊಟ್ಟಿತ್ತು. ಅದರ ಪ್ರತಿ ಸಬ್‌ರೂಟೀನಿನ ತಲೆಯ ಮೇಲೆ ಕೋಡಿನ ಒಳಗೇ ಕಾಮೆಂಟ್ ಸಾಲುಗಳಿದ್ದವು. ಉದ್ದೇಶ, ಬಳಸುವ ಬಗೆ, ಪ್ಯಾರಾಮೀಟರುಗಳ ವಿವರಣೆ, ಷರಾ, ಬೇಕಾಗುವ ಇತರ ಸಬ್‌ರೂಟೀನುಗಳು, ಲೆಕ್ಕದ ವಿಧಾನ: ಇದೇ ಕ್ರಮ, ಎಲ್ಲದರಲ್ಲೂ. ಕೋಡನ್ನು ಪಂಚ್ ಮಾಡಿದ ಕಾರ್ಡುಗಳ ಕಟ್ಟು ಒಬ್ಬರಿಂದ ಒಬ್ಬರಿಗೆ ಹೋದರೆ ವಿವರಣೆಯೂ ಅದರ ಜೊತೆಗೇ ಹೋಗುತ್ತಿತ್ತು, ಕಳೆದುಹೋಗುತ್ತಿರಲಿಲ್ಲ. ಇಂದು ಪೈಥಾನ್ ಭಾಷೆಯಲ್ಲಿ ಫಂಕ್ಷನ್ನಿನ ಕೆಳಗೆ ಬರೆಯುವ ಡಾಕ್‌ಸ್ಟ್ರಿಂಗಿನಲ್ಲಿ ಪ್ಯಾರಾಮೀಟರ್, ರಿಟರ್ನ್ಸ್, ಸೀ ಆಲ್ಸೊ, ನೋಟ್ಸ್, ಎಕ್ಸಾಂಪಲ್ಸ್ ಎಂದು ಶೀರ್ಷಿಕೆ ಹಾಕುತ್ತೇವಲ್ಲ, ಅದರ ಅಜ್ಜ ಆ ಕಾರ್ಡುಗಳಲ್ಲಿದ್ದಾನೆ.

ಇಂಗ್ಲೆಂಡಿನಲ್ಲಿ 1970ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಶುರುವಾದ ನ್ಯಾಗ್ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಫಂಕ್ಷನ್‌ಗಳನ್ನು ಅಕಾರಾದಿಯಲ್ಲಿ ಜೋಡಿಸದೆ ವಿಷಯವಾರು ಅಧ್ಯಾಯ ಮಾಡಿತು. ಸಂಖ್ಯಾಶಾಸ್ತ್ರಕ್ಕೆ ‘ಜಿ’ ಅಕ್ಷರ. ಜಿ02 ಎಂದರೆ ಸಹಸಂಬಂಧ ಮತ್ತು ರಿಗ್ರೆಷನ್, ಜಿ05 ಯಾದೃಚ್ಛಿಕ ಸಂಖ್ಯೆಗಳು, ಜಿ13 ಕಾಲಸರಣಿ. ಪ್ರತಿ ಅಧ್ಯಾಯದ ಮೊದಲು ಒಂದು ಪೀಠಿಕೆ: ಈ ಬಗೆಯ ಸಮಸ್ಯೆ ಎಂದರೇನು, ನಿಮ್ಮ ದತ್ತಾಂಶ ಹೀಗಿದ್ದರೆ ಯಾವ ಫಂಕ್ಷನ್ ಆರಿಸಬೇಕು. ಇದು ಬಹಳ ದೊಡ್ಡ ಉಪಕಾರ ಎಂದು ನಾನು ನಂಬಿದ್ದೇನೆ. ಅಕಾರಾದಿ ಪಟ್ಟಿ ಹೆಸರು ಗೊತ್ತಿದ್ದವರಿಗೆ ಮಾತ್ರ ಸಹಾಯ ಮಾಡುತ್ತದೆ. ಹೆಸರು ಗೊತ್ತಿಲ್ಲದೆ ಸಮಸ್ಯೆ ಮಾತ್ರ ಹೊತ್ತು ಬಂದವರಿಗೆ ಪೀಠಿಕೆಯೇ ಬಾಗಿಲು. ಸಾಫ್ಟ್‌ವೇರ್ ಮಂದಿ ಪೀಠಿಕೆ ಬರೆಯುವುದನ್ನು ಕೊನೆಗೆ ತಳ್ಳುತ್ತಾರೆ, ಎಷ್ಟೋ ಸಲ ಬಿಟ್ಟೇಬಿಡುತ್ತಾರೆ. ಕೋಡಿನಿಂದ ಹೆಸರುಗಳ ಪಟ್ಟಿಯನ್ನು ಯಂತ್ರವೇ ಎಳೆದು ಕೊಡುತ್ತದೆ. ಪೀಠಿಕೆಯಾದರೆ ಮನುಷ್ಯರು ಕೂತು ಯೋಚಿಸಬೇಕು.

1971ರ ನವೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಮೊದಲ ಕೈಪಿಡಿ ಬಂತು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಬರೆದದ್ದು. ಒಂದು ಆಜ್ಞೆಗೆ ಒಂದು ನಮೂದು. ಹೆಸರು, ರೂಪ, ವಿವರಣೆ, ಇದನ್ನೂ ನೋಡಿ; ಜೊತೆಗೆ ‘ಬಗ್ಸ್’. ನಾವು ಮಾಡಿದ್ದರಲ್ಲಿ ಇಂಥ ಕೊರತೆ ಇದೆ ಎಂದು ಮಾಡಿದವರೇ ಅಚ್ಚು ಹಾಕಿದ್ದರು. ಸರಕು ಮಾರುವವರು ಬರೆದ ಕೈಪಿಡಿಯಲ್ಲಿ ಇಂಥ ಸಾಲು ಕಾಣುವುದು ಕಷ್ಟ. ಅದೇ ಬೆಲ್ ಲ್ಯಾಬ್ಸಿನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು 1976ರಲ್ಲಿ ‘ಎಸ್’ ಎಂಬ ಅಂಕಿಅಂಶದ ಭಾಷೆ ಕಟ್ಟಲು ಶುರು ಮಾಡಿದರು. ಯುನಿಕ್ಸಿನವರ ಅಕ್ಕಪಕ್ಕದಲ್ಲೇ ಕೆಲಸ ಮಾಡಿದ ಇವರ ಹೆಲ್ಪ್ ಪುಟದ ಚೌಕಟ್ಟೂ ಅದೇ ಬಗೆಯದು. ಎಸ್ ಕುರಿತು ಅವರು 1984ರಲ್ಲೂ 1988ರಲ್ಲೂ ತಂದ ಪುಸ್ತಕಗಳನ್ನು ರಟ್ಟಿನ ಬಣ್ಣದಿಂದಲೇ ಕಂದು ಪುಸ್ತಕ, ನೀಲಿ ಪುಸ್ತಕ ಎಂದು ಜನ ಕರೆದರು.

ಎಸ್ ಭಾಷೆಯ ಜಾಡಿನಲ್ಲೇ ಬಂದದ್ದು ‘ಆರ್’. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಇಬ್ಬರೂ 1990ರ ದಶಕದ ಮೊದಲಲ್ಲಿ ಶುರು ಮಾಡಿ, 1995ರಲ್ಲಿ ಯಾರು ಬೇಕಾದರೂ ಬಳಸಿ ತಿದ್ದುವಂತೆ ಬಿಟ್ಟುಕೊಟ್ಟರು. 1.0.0 ಆವೃತ್ತಿ ಬಂದದ್ದು 2000ದ ಫೆಬ್ರುವರಿ 29ರಂದು. ಸಂಖ್ಯಾಶಾಸ್ತ್ರದ ಹೆಲ್ಪ್ ಪುಟ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಆರ್‌ನ ಪುಟ ತೋರಿಸುತ್ತೇನೆ. ವಿವರಣೆ, ಬಳಕೆ, ಆರ್ಗ್ಯುಮೆಂಟುಗಳು, ಸೂಕ್ಷ್ಮ ವಿವರಗಳು, ವಾಪಸು ಬರುವ ಮೌಲ್ಯ, ಆಕರಗಳು, ಇದನ್ನೂ ನೋಡಿ, ಉದಾಹರಣೆಗಳು. ಸಾವಿರಾರು ಜನ ಬರೆದ ಸಾವಿರಾರು ಪ್ಯಾಕೇಜುಗಳಲ್ಲೂ ಅದೇ ಕ್ರಮ. ಒಮ್ಮೆ ಕಣ್ಣಿಗೆ ರೂಢಿಯಾದರೆ ಎಲ್ಲಿ ಏನಿದೆ ಎಂದು ಹುಡುಕಬೇಕಾಗಿಲ್ಲ.

ಅದರಲ್ಲಿ ಎರಡು ವ್ಯವಸ್ಥೆಗಳು ನನಗೆ ಬಹಳ ಇಷ್ಟ. ಒಂದು, ಅಡ್ಡಹೆಸರಿನ ವ್ಯವಸ್ಥೆ. ನಾರ್ಮಲ್ ವಿತರಣೆಗೆ ಸಂಬಂಧಿಸಿದ ನಾಲ್ಕು ಫಂಕ್ಷನ್‌ಗಳಿವೆ: ಡಿನಾರ್ಮ್, ಪಿನಾರ್ಮ್, ಕ್ಯುನಾರ್ಮ್, ಆರ್‌ನಾರ್ಮ್. ಯಾವ ಹೆಸರು ಹಿಡಿದು ಕೇಳಿದರೂ ತೆರೆಯುವುದು ಒಂದೇ ಪುಟ. ನಾಲ್ಕನ್ನೂ ಒಟ್ಟಿಗೆ ನೋಡಿದರೇ ನಾಲ್ಕರ ಸಂಬಂಧ ತಿಳಿಯುವುದು. ಇದು ನಾವು ಕಾರ್ಡ್ ಕ್ಯಾಟಲಾಗಿನಲ್ಲಿ ಬರೆಯುತ್ತಿದ್ದ ಅಡ್ಡ ಉಲ್ಲೇಖದ ಕಾರ್ಡೇ. ಇನ್ನೊಂದು, ಉದಾಹರಣೆಗಳ ಭಾಗ. ಪ್ಯಾಕೇಜನ್ನು ಪರೀಕ್ಷೆಗೆ ಒಡ್ಡಿದಾಗ ಆರ್ ಆ ಪುಟದಲ್ಲಿರುವ ಉದಾಹರಣೆಗಳನ್ನು ತಾನೇ ಓಡಿಸಿ ನೋಡುತ್ತದೆ. ಓಡದಿದ್ದರೆ ಪ್ಯಾಕೇಜ್ ಪಾಸಾಗುವುದಿಲ್ಲ. ಕೋಡ್ ಬದಲಾಗಿ ವಿವರಣೆ ಹಳೆಯದಾಗುವುದು ಈ ಕಸುಬಿನ ದೊಡ್ಡ ರೋಗ. ಅದಕ್ಕೆ ಇಷ್ಟು ಸರಳವಾದ ಮದ್ದನ್ನು ಬೇರೆ ಯಾರೂ ಇಷ್ಟು ಬೇಗ ಕಡ್ಡಾಯ ಮಾಡಿದ್ದನ್ನು ನಾನು ಕಂಡಿಲ್ಲ.

ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಅಂಕಿಅಂಶದ ಲೈಬ್ರರಿಯಲ್ಲಿ ತಪ್ಪು ಸದ್ದು ಮಾಡುವುದಿಲ್ಲ. ಬೇರೆ ಸಾಫ್ಟ್‌ವೇರ್ ತಪ್ಪಾದರೆ ನಿಂತುಹೋಗುತ್ತದೆ, ಕೆಂಪು ಅಕ್ಷರ ಬರುತ್ತದೆ. ಇಲ್ಲಿ ಒಂದು ಸಂಖ್ಯೆ ಬರುತ್ತದೆ, ಅಷ್ಟೆ. ರಾಗಿ ತಳಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಒಮ್ಮೆ ಗಾಬರಿಯಾಗಿ ನನಗೆ ಫೋನ್ ಮಾಡಿದ್ದಳು. ಅದೇ ದತ್ತಾಂಶಕ್ಕೆ ಎರಡು ಕಡೆ ಮಾನಕ ವಿಚಲನೆ ತೆಗೆದರೆ ಎರಡು ಉತ್ತರ. ‘ಯಾವುದನ್ನ ಬರೀಲಿ ಆಂಟಿ, ಗೈಡ್ ಕೇಳಿದ್ರೆ ಏನ್ ಹೇಳ್ಲಿ?’ ಅಂದಳು. ಕಾಗದ ಪೆನ್ನು ತಗೋ ಅಂದೆ. 2, 4, 4, 4, 5, 5, 7, 9 ಎಂದು ಎಂಟು ಸಂಖ್ಯೆ ಬರೆಸಿದೆ. ಮೊತ್ತ 40, ಸರಾಸರಿ 5. ಪ್ರತಿ ಸಂಖ್ಯೆಯೂ ಐದರಿಂದ ಎಷ್ಟು ದೂರ, ಅದರ ವರ್ಗ ಎಷ್ಟು: 9, 1, 1, 1, 0, 0, 4, 16. ಕೂಡಿದರೆ 32. ಇಲ್ಲಿಯವರೆಗೆ ಜಗಳವಿಲ್ಲ. ಮುಂದೆ 32ನ್ನು ಎಂಟರಿಂದ ಭಾಗಿಸಿದರೆ 4, ವರ್ಗಮೂಲ 2. ಏಳರಿಂದ ಭಾಗಿಸಿದರೆ ವರ್ಗಮೂಲ ಸುಮಾರು 2.138. ಪೈಥಾನಿನ ನಂಪೈ ಲೈಬ್ರರಿ ನೀವು ಏನೂ ಹೇಳದಿದ್ದರೆ ಎಂಟರಿಂದ ಭಾಗಿಸುತ್ತದೆ. ಪಾಂಡಾಸ್ ಏಳರಿಂದ ಭಾಗಿಸುತ್ತದೆ. ಆರ್ ಕೂಡ ಏಳರಿಂದಲೇ. ಯಾವುದೂ ತಪ್ಪಲ್ಲ. ಕೈಯಲ್ಲಿರುವುದೇ ಪೂರ್ತಿ ಸಮೂಹವಾದರೆ ಎಂಟು, ಅದು ದೊಡ್ಡ ಸಮೂಹದಿಂದ ಆಯ್ದ ಮಾದರಿಯಾದರೆ ಒಂದು ಕಡಿಮೆ. ಅವಳ ಹೊಲದ ತಾಕುಗಳು ಮಾದರಿ. ಅವಳಿಗೆ ಬೇಕಾದದ್ದು ಎರಡನೆಯದು.

ಆ ವಿಷಯ ನಂಪೈ, ಪಾಂಡಾಸ್ ಎರಡರ ಡಾಕ್ಯುಮೆಂಟೇಶನ್ನಿನಲ್ಲೂ ಇದೆ. ಎಲ್ಲಿದೆ? ‘ಡಿಡಾಫ್’ ಎಂಬ ಪ್ಯಾರಾಮೀಟರಿನ ಸಾಲಿನಲ್ಲಿ, ಅದರ ಡೀಫಾಲ್ಟ್ ಬೆಲೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಒಂದು. ಅವಳು ಆ ಸಾಲಿನವರೆಗೆ ಹೋಗಿರಲಿಲ್ಲ, ಹೋಗಬೇಕೆಂದು ಅವಳಿಗೆ ಹೊಳೆಯುವಂತೆಯೂ ಇರಲಿಲ್ಲ. ಮಾಹಿತಿ ಇದ್ದರೆ ಸಾಲದು. ಪ್ರಶ್ನೆ ಹುಟ್ಟುವ ಜಾಗದಲ್ಲಿ ಇರಬೇಕು. ಮಾನಕ ವಿಚಲನೆಯಂಥ ಪುಟದಲ್ಲಿ ಈ ಸಂಗತಿ ಮೊದಲ ಎರಡು ಸಾಲಿನೊಳಗೆ ಬರಬೇಕು, ಉದಾಹರಣೆಯಲ್ಲಿ ಎರಡೂ ಉತ್ತರ ಪಕ್ಕಪಕ್ಕ ಕಾಣಬೇಕು ಎಂಬುದು ನನ್ನ ಹಟ. ನಾನು ಕೈ ಹಾಕಿದ ಕಡೆಯಲ್ಲೆಲ್ಲ ಹಾಗೆ ಮಾಡಿದ್ದೇನೆ.

ಇದೇ ಮಾತನ್ನು ಇಡೀ ಡಾಕ್ಯುಮೆಂಟೇಶನ್ನಿಗೆ ಹಿಗ್ಗಿಸಿ ಹೇಳಬಹುದು. ಬರುವವರು ನಾಲ್ಕು ಬಗೆ. ಇವತ್ತೇ ಮೊದಲ ಸಲ, ಕೈ ಹಿಡಿದು ನಡೆಸಿ ಎಂದು ಬರುವವರು. ಸಿಎಸ್‌ವಿ ಕಡತದಲ್ಲಿ ತಾರೀಖು ಸರಿಯಾಗಿ ಓದುತ್ತಿಲ್ಲ, ದಾರಿ ಹೇಳಿ ಎಂದು ಒಂದು ನಿರ್ದಿಷ್ಟ ಕೆಲಸ ಹೊತ್ತು ಬರುವವರು. ಫಂಕ್ಷನ್ ಗೊತ್ತು, ಮೂರನೇ ಆರ್ಗ್ಯುಮೆಂಟ್ ಮರೆತಿದೆ ಎಂದು ಅರ್ಧ ನಿಮಿಷಕ್ಕೆ ಇಣುಕುವವರು. ಈ ವಿಧಾನವೇ ಯಾಕೆ ಎಂದು ನಿಧಾನವಾಗಿ ಓದಲು ಕೂರುವವರು. ಈ ನಾಲ್ಕಕ್ಕೆ ನಾಲ್ಕು ಬೇರೆ ಜಾಗ ಬೇಕೆಂದು ಡಾನಿಯೆಲ್ ಪ್ರೊಸೀಡಾ ಎಂಬವರು ಈಚಿನ ವರ್ಷಗಳಲ್ಲಿ ಸ್ಪಷ್ಟವಾಗಿ ವಾದಿಸಿದ್ದಾರೆ. ಅವರ ವಿಂಗಡಣೆಗೆ ‘ಡಯಾಟಾಕ್ಸಿಸ್’ ಎಂದು ಹೆಸರು, ಪೈಥಾನ್ ಲೋಕದಲ್ಲಿ ಅದು ಬಹಳ ಹಬ್ಬಿದೆ. ಪಾಂಡಾಸಿನ ಕೈಪಿಡಿ ತೆರೆದರೆ ಮೊದಲ ಪುಟದಲ್ಲೇ ಶುರುವಾತು, ಬಳಕೆದಾರರ ಮಾರ್ಗದರ್ಶಿ, ರೆಫರೆನ್ಸ್, ಕೊಡುಗೆ ಕೊಡುವವರಿಗೆ ಎಂದು ನಾಲ್ಕು ಚೌಕ. ನಾನು ಕೆಲಸ ಮಾಡಿದ್ದ ಒಂದು ಕಂಪನಿಯಲ್ಲಿ ಎಲ್ಲವನ್ನೂ ಒಂದೇ ಉದ್ದನೆಯ ಪುಟಕ್ಕೆ ಸೇರಿಸಿದರೆ ಹುಡುಕುವುದು ಸುಲಭ ಎಂದು ತೀರ್ಮಾನವಾಗಿತ್ತು. ಹೊಸಬರು ಆ ಪುಟವನ್ನು ನೋಡಿ ಹೆದರಿ ವಾಪಸು ಹೋದರು, ಹಳಬರು ತಮ್ಮದೇ ನೋಟ್ಸ್ ಇಟ್ಟುಕೊಂಡರು. ಬೇರೆ ಬೇರೆ ಓದುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರೆ ಯಾರಿಗೂ ಪಾಠ ಹತ್ತುವುದಿಲ್ಲ.

ರಂಗನಾಥನ್ ಹೇಳಿಕೊಟ್ಟದ್ದಕ್ಕೂ ಇದಕ್ಕೂ ಹೋಲಿಕೆ ನಾನು ಎಳೆದು ತಂದದ್ದೇ ಎಂದು ಕೆಲವರು ಕೇಳುತ್ತಾರೆ. 1962ರ ಮಲ್ಲೇಶ್ವರದಲ್ಲಿ ಡಾಕ್ಯುಮೆಂಟೇಶನ್ ಎಂದರೆ ಬೇರೆಯವರು ಬರೆದ ಲೇಖನಗಳಿಗೆ ಸೂಚಿ ಮಾಡುವುದು. ಇಂದು ನಮ್ಮ ಕೆಲಸ ನಾವೇ ಬರೆಯುವುದು. ಆ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೆ ದಾರಿ ಕೂಡಿದ್ದಕ್ಕೆ ಕಾಗದದ ಸಾಕ್ಷಿಯೇ ಇದೆ. ಕ್ಯಾಲಿಫೋರ್ನಿಯಾದ ಅರ್ವೈನಿನಲ್ಲಿ ರೂಬೆನ್ ಪ್ರಿಯೆಟೊ-ಡಿಯಾಜ್ 1980ರ ದಶಕದಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು: ಒಮ್ಮೆ ಬರೆದ ಪ್ರೋಗ್ರಾಂ ತುಣುಕುಗಳನ್ನು ಮತ್ತೆ ಬಳಸಬೇಕಾದರೆ ಅವು ಮೊದಲು ಸಿಗಬೇಕಲ್ಲ, ಹೇಗೆ? ಮರದ ಕೊಂಬೆ ಒಡೆದಂತೆ ಒಂದರೊಳಗೊಂದು ವಿಭಾಗ ಮಾಡುವುದು ಸಾಲದೆಂದು ಕಂಡು, ರಂಗನಾಥನ್ನರಿಂದ ಗ್ರಂಥಾಲಯ ಶಾಸ್ತ್ರಕ್ಕೆ ಬಂದ ಮುಖವಾರು ವರ್ಗೀಕರಣವನ್ನು ಎತ್ತಿಕೊಂಡರು. ತುಣುಕು ಮಾಡುವ ಕ್ರಿಯೆ ಏನು, ಯಾವುದರ ಮೇಲೆ ಮಾಡುತ್ತದೆ, ಯಾವ ಮಾಧ್ಯಮದಲ್ಲಿ, ಯಾವ ಬಗೆಯ ವ್ಯವಸ್ಥೆಯಲ್ಲಿ ಎಂದು ಮುಖಗಳು. 1987ರಲ್ಲಿ ಪೀಟರ್ ಫ್ರೀಮನ್ ಜೊತೆ ಅವರು ಬರೆದ ಲೇಖನ ಐಇಇಇ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ಬಂತು. ಪುಸ್ತಕದ ಕಪಾಟಿಗೆಂದು ಹುಟ್ಟಿದ ವಿಚಾರ ಕೋಡಿನ ಕಪಾಟಿಗೆ ಬಂದದ್ದು ಹೀಗೆ. ಇಂದು ಪೈಥಾನ್ ಪ್ಯಾಕೇಜುಗಳ ಕೋಶದಲ್ಲಿ ಪ್ರತಿ ಪ್ಯಾಕೇಜಿಗೂ ವಿಷಯ, ಬೆಳವಣಿಗೆಯ ಹಂತ, ಲೈಸೆನ್ಸ್, ಉದ್ದೇಶಿತ ಬಳಕೆದಾರರು ಎಂದು ಬೇರೆ ಬೇರೆ ಮುಖದ ಗುರುತು ಹಾಕುತ್ತಾರೆ. ಮುಖ ಮತ್ತು ಮೌಲ್ಯದ ನಡುವೆ ಜೋಡಿ ಕೋಲನ್ ಇರುತ್ತದೆ. ಆರ್‌ನಲ್ಲಿ ‘ಟಾಸ್ಕ್ ವ್ಯೂ’ ಎಂಬ ವಿಷಯವಾರು ಪುಟಗಳಿವೆ, ಒಂದೊಂದನ್ನೂ ಆ ವಿಷಯ ಬಲ್ಲ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಒಂದೇ ಪ್ಯಾಕೇಜ್ ಎರಡು ಮೂರು ಪುಟಗಳಲ್ಲಿ ಕಂಡರೆ ತಪ್ಪಿಲ್ಲ. ಕ್ಷಯದವರಿಗೂ ಸಿಗಬೇಕು, ಎಕ್ಸ್-ರೇಯವರಿಗೂ ಸಿಗಬೇಕು.

ಹೆಸರುಗಳ ತೊಡಕಿಗೆ ಸ್ಟ್ಯಾಟ್ಸ್‌ಮಾಡೆಲ್ಸ್ ಲೈಬ್ರರಿ ಒಳ್ಳೆಯ ಸಾಕ್ಷಿ. ಜೊನಾಥನ್ ಟೇಲರ್ ಬರೆದು, ಸೈಪೈ ಲೈಬ್ರರಿಯಿಂದ ಹೊರಬಿದ್ದಿದ್ದ ಕೋಡನ್ನು 2009ರ ಬೇಸಿಗೆಯಲ್ಲಿ ಸ್ಕಿಪ್ಪರ್ ಸೀಬೋಲ್ಡ್, ಯೋಸೆಫ್ ಪರ್ಕ್ಟೋಲ್ಡ್ ಮತ್ತೆ ಎತ್ತಿ ನಿಲ್ಲಿಸಿದರು. ಅದರಲ್ಲಿ ಮಾದರಿಯ ಎಡಗಡೆಯ ಚಲಕ್ಕೆ ‘ಎಂಡಾಗ್’, ಬಲಗಡೆಯವಕ್ಕೆ ‘ಎಕ್ಸಾಗ್’ ಎಂದು ಅರ್ಥಶಾಸ್ತ್ರದವರ ಬಳಕೆ. ವೈದ್ಯಕೀಯದವರು, ಕೃಷಿಯವರು, ಎಂಜಿನಿಯರುಗಳು ಅದನ್ನೇ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಅದಕ್ಕೆಂದೇ ಆ ಕೈಪಿಡಿಯಲ್ಲಿ ಒಂದು ಇಡೀ ಪುಟವಿದೆ. ಯಾವ ಕ್ಷೇತ್ರದವರ ಯಾವ ಹೆಸರು ಇಲ್ಲಿ ಯಾವುದಕ್ಕೆ ಸಮ ಎಂದು ಪಟ್ಟಿ. ಚಿಕ್ಕ ಪುಟ, ಆದರೆ ಹೊರಗಿನಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದುಕೊಳ್ಳುವ ಪುಟ. ಅದೇ ಲೈಬ್ರರಿಯಲ್ಲಿ ಸ್ಥಿರಾಂಕವನ್ನು ನೀವಾಗಿ ಸೇರಿಸದಿದ್ದರೆ ರಿಗ್ರೆಷನ್ ರೇಖೆ ಸೊನ್ನೆಯ ಮೂಲಕವೇ ಹಾದುಹೋಗುತ್ತದೆ, ಸೂತ್ರದ ರೂಪದಲ್ಲಿ ಬರೆದರೆ ಮಾತ್ರ ತಾನಾಗಿ ಸೇರುತ್ತದೆ. ಹೊಸಬರು ಈ ಎಚ್ಚರಿಕೆಯನ್ನು ಓದಿಯೇ ಮುಂದೆ ಹೋಗಬೇಕು.

ಇಂಥದನ್ನೆಲ್ಲ ಬರೆಯುವವರು ಯಾರು ಎಂದರೆ, ಬಹುಪಾಲು ಸಂಬಳವಿಲ್ಲದ ಜನ. 2018ರ ಮಾರ್ಚ್ 10ರಂದು ಜಗತ್ತಿನ ಹಲವು ಊರುಗಳ ಪೈಥಾನ್ ಬಳಗಗಳು ಅವರವರ ಊರಿನಲ್ಲಿ ಒಟ್ಟಿಗೆ ಕೂತು ಪಾಂಡಾಸಿನ ರೆಫರೆನ್ಸ್ ಪುಟಗಳನ್ನು ಒಂದೊಂದಾಗಿ ತಿದ್ದಿದವು. ಒಬ್ಬರಿಗೆ ಒಂದು ಫಂಕ್ಷನ್. ಮೊದಲ ಸಾಲು ಸರಿಯೇ, ಪ್ಯಾರಾಮೀಟರ್ ಎಲ್ಲ ಇದೆಯೇ, ಉದಾಹರಣೆ ಓಡುತ್ತದೆಯೇ. ಕೋಡ್ 2008ರಿಂದ ವೆಸ್ ಮೆಕಿನಿ ಕೈಯಲ್ಲಿ ಶುರುವಾಗಿ ಓಡುತ್ತಲೇ ಇತ್ತು, ವಿವರಣೆ ಹಿಂದೆ ಬಿದ್ದಿತ್ತು.

ಬೆಂಗಳೂರಿಗೆ ಸಾಫ್ಟ್‌ವೇರಿಗೆ ಡಾಕ್ಯುಮೆಂಟೇಶನ್ ಬರೆಯುವ ಕಸುಬು ಕಂಪನಿಗಳ ಜೊತೆ ಬಂತು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸಿನಲ್ಲಿ ಕಚೇರಿ ಹಾಕಿದ ಮೇಲೆ ಒಂದರ ಹಿಂದೊಂದು ಕಂಪನಿಗಳು ಬಂದವು. ಅವುಗಳ ಜೊತೆಗೇ ಟೆಕ್ನಿಕಲ್ ರೈಟರ್ ಎಂಬ ಹುದ್ದೆಯೂ ಬಂತು. ಇಂಗ್ಲಿಷ್ ಎಂ.ಎ. ಮಾಡಿದವರು, ಪತ್ರಿಕೆಯಲ್ಲಿದ್ದವರು, ನನ್ನ ಹಾಗೆ ಗ್ರಂಥಾಲಯದಿಂದ ಬಂದವರು ಅದರಲ್ಲಿ ಸೇರಿಕೊಂಡೆವು. ಕಲ್ಯಾಣ ನಗರ, ಕಮ್ಮನಹಳ್ಳಿ, ಬಾಣಸವಾಡಿಯ ಬಾಡಿಗೆ ಮನೆಗಳಲ್ಲಿ ಅಂಥ ಎಷ್ಟೋ ಜನ ಇದ್ದಾರೆ. ಆದರೆ ಡಿಆರ್‌ಟಿಸಿ ಇರುವ ಮೈಸೂರು ರಸ್ತೆಯ ಕ್ಯಾಂಪಸ್ಸಿಗೆ ಒಮ್ಮೆಯಾದರೂ ಹೋಗಿಬಂದವರು ಅವರಲ್ಲಿ ಯಾರೂ ನನಗೆ ಸಿಕ್ಕಿಲ್ಲ. ಅಲ್ಲಿ ಕಲಿತವರಲ್ಲಿ ಹೆಚ್ಚಿನವರಿಗೆ ಆರ್ ಪ್ಯಾಕೇಜಿನ ಒಳಗೆ ‘ಮ್ಯಾನ್’ ಎಂಬ ಫೋಲ್ಡರಿನಲ್ಲಿ ಏನಿರುತ್ತದೆ ಗೊತ್ತಿಲ್ಲ. ಒಂದೇ ಊರಿನಲ್ಲಿ ಒಂದೇ ಕಸುಬಿನ ಎರಡು ಮನೆ, ನಡುವೆ ಮಾತುಕತೆ ಇಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಆರ್‌ನ ಮುಖ್ಯ ತಂಡದಲ್ಲಿರುವ, ಲ್ಯಾಟಿಸ್ ಎಂಬ ನಕ್ಷೆಗಳ ಪ್ಯಾಕೇಜ್ ಬರೆದ ದೀಪಾಯನ್ ಸರ್ಕಾರ್ ಅವರು ಪಾಠ ಮಾಡುವುದೂ ಇದೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೆಹಲಿ ಕೇಂದ್ರದಲ್ಲಿ. ಆ ಸಂಸ್ಥೆಯನ್ನು ಬೆಳೆಸಿದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಎಳೆಗಳು ಎಲ್ಲ ಇವೆ, ಹೊಸೆಯುವವರು ಬೇಕು.

ರಂಗನಾಥನ್ ತೀರಿಕೊಂಡದ್ದು ಬೆಂಗಳೂರಿನಲ್ಲೇ, 1972ರ ಸೆಪ್ಟೆಂಬರ್ 27ರಂದು. ಅದಕ್ಕೆ ಮೂರು ತಿಂಗಳು ಮೊದಲು ಮಹಲನೋಬಿಸ್ ಹೋಗಿದ್ದರು. ರಂಗನಾಥನ್ ಇಲ್ಲಿದ್ದ ಕಾಲದಲ್ಲೇ, 1965ರಲ್ಲಿ, ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಮನೆ ಕಂದಾಯ ಕಟ್ಟುವಾಗ ಗ್ರಂಥಾಲಯ ಕರವೆಂದು ನಾವೆಲ್ಲ ಕೊಡುವುದು ಆ ಕಾಯ್ದೆಯಿಂದಲೇ.

ನನ್ನ ಮನವಿ ನಮ್ಮ ಡಿಗ್ರಿ ಕಾಲೇಜುಗಳ ಸಂಖ್ಯಾಶಾಸ್ತ್ರದ ಅಧ್ಯಾಪಕರಿಗೆ. ಆರ್ ಕಲಿಯುವ ನಮ್ಮ ಹುಡುಗರು ಇವತ್ತಿಗೂ ಕೈಪಿಡಿಯ ಉದಾಹರಣೆಯಲ್ಲಿ ನೋಡುವುದು 1974ರ ಅಮೆರಿಕನ್ ಪತ್ರಿಕೆಯೊಂದರಿಂದ ತೆಗೆದ 32 ಕಾರುಗಳ ಮೈಲೇಜ್, ಇಲ್ಲವೇ ಅಸ್ವಾನಿನಲ್ಲಿ 1871ರಿಂದ 1970ರವರೆಗೆ ಅಳೆದ ನೈಲ್ ನದಿಯ ಹರಿವು. ಅವು ಒಳ್ಳೆಯ ದತ್ತಾಂಶಗಳೇ. ಆದರೆ ಮಳೆಗಾಲದಲ್ಲಿ ಕೆಆರ್‌ಎಸ್‌ನ ನೀರಿನ ಮಟ್ಟ, ಒಳಹರಿವು, ಹೊರಹರಿವು ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅದನ್ನು ಇಟ್ಟುಕೊಂಡು ಕಾಲಸರಣಿ ಕಲಿಸುವ ಒಂದೂ ಕನ್ನಡ ಪಾಠ ನನ್ನ ಕಣ್ಣಿಗೆ ಬಿದ್ದಿಲ್ಲ. ಆರ್ ಪ್ಯಾಕೇಜಿನ ವಿವರಗಳ ಕಡತದಲ್ಲಿ ಡಾಕ್ಯುಮೆಂಟೇಶನ್ ಯಾವ ಭಾಷೆಯದು ಎಂದು ಹೇಳುವುದಕ್ಕೆ ಒಂದು ಸಾಲೇ ಇದೆ. ಅಲ್ಲಿ ಕನ್ನಡ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಒಂದು ತರಗತಿಯ ಮಕ್ಕಳು ಆಳಿಗೊಂದು ಪುಟ ಬರೆದರೆ ಒಂದು ಸೆಮಿಸ್ಟರಿನಲ್ಲಿ ಒಂದು ಕೈಪಿಡಿಯಾಗುತ್ತದೆ. ಮೊದಲು ಉದಾಹರಣೆ ಬರೆಸಿ, ಅದು ಓಡುತ್ತದೆಯೇ ನೋಡಿ, ಆಮೇಲೆ ವಿವರಣೆ ಬರೆಸಿ. ಜೋಡಿಸಿಕೊಡುವುದಕ್ಕೆ ಜನ ಬೇಕೆಂದರೆ ಕಲ್ಯಾಣ ನಗರದಲ್ಲಿ ನಾನಿದ್ದೇನೆ, ನನ್ನಂಥವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.